ಸಿಮೆಂಟ್ ತೆರಿಗೆ ಇಳಿದರೂ ಮನೆ ಖರ್ಚು ಯಾಕೆ ಇಳಿಯಲಿಲ್ಲ? ನಾವೇ ಮಾಡಿಕೊಳ್ಳುವ ಮಣ್ಣಿನ ಇಟ್ಟಿಗೆಯ ಪೂರ್ತಿ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಮನೆ ಕಟ್ಟಬೇಕು ಅಂತ ವರ್ಷಗಟ್ಟಲೆ ಕಾಯುತ್ತಿದ್ದವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಮೇಸ್ತ್ರಿ ಹತ್ತಿರ ಹೋಗಿ ಚದರಕ್ಕೆ ಎಷ್ಟು ಅಂತ ಕೇಳಿದರೆ ರೇಟು ಮೊದಲಿನಷ್ಟೇ ಇದೆ, ಕೆಲವು ಕಡೆ ಇನ್ನೂ ಜಾಸ್ತಿಯೇ ಆಗಿದೆ. ತೆರಿಗೆ ಇಳಿದದ್ದು ಎಲ್ಲಿಗೆ ಹೋಯಿತು?

ಅದೇ ಹೊತ್ತಿಗೆ ಇನ್ನೊಂದು ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಇಟ್ಟಿಗೆಯನ್ನು ನಾವೇ ಮಾಡಿಕೊಂಡರೆ ಅರ್ಧ ಖರ್ಚಿನಲ್ಲಿ ಮನೆ ಆಗುತ್ತದಂತೆ. ಮೊಬೈಲ್‌ನಲ್ಲಿ ಇಂಥ ವಿಡಿಯೊಗಳು ಸಾಲುಸಾಲಾಗಿ ಬರುತ್ತವೆ. ಒಂದು ಯಂತ್ರ, ಒಂದು ಗುಡ್ಡೆ ಮಣ್ಣು, ನಾಲ್ಕು ಜನ, ಅಷ್ಟರಲ್ಲಿ ಗೋಡೆ ಎದ್ದು ನಿಂತಿರುತ್ತದೆ. ಇದರಲ್ಲಿ ನಿಜ ಎಷ್ಟು, ಲೆಕ್ಕ ತಪ್ಪುವುದು ಎಲ್ಲಿ ಅಂತ ನೋಡೋಣ.

ತೆರಿಗೆ ಇಳಿಕೆಯ ಲೆಕ್ಕ

ಒಂದು ಚೀಲ ಸಿಮೆಂಟ್‌ಗೆ ತೆರಿಗೆ ಬಿಟ್ಟು 280 ರೂಪಾಯಿ ಅಂತ ಇಟ್ಟುಕೊಳ್ಳೋಣ. ಶೇ 28ರ ತೆರಿಗೆ ಸೇರಿದರೆ 358 ರೂಪಾಯಿ. ಶೇ 18 ಸೇರಿದರೆ 330. ಅಂದರೆ ಚೀಲಕ್ಕೆ 28 ರೂಪಾಯಿ ಉಳಿತಾಯ. ಅದೂ ಕಂಪನಿ, ಅಂಗಡಿ ಇಬ್ಬರೂ ಮೂಲ ಬೆಲೆ ಏರಿಸದೆ, ಪೂರ್ತಿ ಇಳಿಕೆಯನ್ನು ನಮಗೇ ಕೊಟ್ಟರೆ.

ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಮನೆಗೆ ಒಂದು ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟ್ ಬೇಕು ಅನ್ನುವುದು ಕಟ್ಟಡದವರ ಹಳೆಯ ಅಂದಾಜು. ಹತ್ತು ಚದರದ ಮನೆಗೆ, ಅಂದರೆ 1,000 ಚದರ ಅಡಿಗೆ, 400 ಚೀಲ. ಒಟ್ಟು ಉಳಿಯುವುದು 11,200 ರೂಪಾಯಿ. ಚದರ ಅಡಿಗೆ 2,000 ರೂಪಾಯಿ ಅಂತ ಹಿಡಿದರೆ ಮನೆಯ ಒಟ್ಟು ಖರ್ಚು 20 ಲಕ್ಷ. ನೂರು ರೂಪಾಯಿಗೆ 56 ಪೈಸೆ ಉಳಿಯಿತು ಅಷ್ಟೇ. ಕೂಲಿ ಒಂದಿಷ್ಟು ಏರಿದರೂ ಅಥವಾ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಲೋಡಿನ ಬಾಡಿಗೆ ಜಾಸ್ತಿಯಾದರೂ ಈ 56 ಪೈಸೆ ಕಾಣದಂತೆ ಹೋಗುತ್ತದೆ.

ಕಬ್ಬಿಣದ ಮೇಲಿನ ತೆರಿಗೆ ಮೊದಲಿನಂತೆ ಶೇ 18ರಲ್ಲೇ ಇದೆ. ಗಾರೆಯವರ ಕೂಲಿ, ಸೆಂಟ್ರಿಂಗ್, ಜಲ್ಲಿ, ಮರಳು, ಮರ, ವೈರಿಂಗ್, ಪೈಪು, ಇವು ಯಾವುದರ ಮೇಲೂ ಸಿಮೆಂಟ್ ತೆರಿಗೆಗೆ ಹಿಡಿತವಿಲ್ಲ. ಹಾಗಾಗಿ ತೆರಿಗೆ ಇಳಿಸಿದೆವು ಅಂತ ಸರ್ಕಾರ ಹೇಳಿದ್ದು ಸುಳ್ಳಲ್ಲ, ಜನರಿಗೆ ಏನೂ ಕಾಣಲಿಲ್ಲ ಅನ್ನುವುದೂ ಸುಳ್ಳಲ್ಲ.

ಬಿಸಿ ಜಾಸ್ತಿ ತಟ್ಟುವುದು ಕೆಳಗಿನವರಿಗೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ ಎಂದು ನಿಗದಿಯಾದದ್ದು 2016ರಲ್ಲಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 269 ಚದರ ಅಡಿ. ಭಾಗಿಸಿ ನೋಡಿ, ಚದರ ಅಡಿಗೆ 450 ರೂಪಾಯಿಯೂ ಬರುವುದಿಲ್ಲ. ಉಳಿದದ್ದನ್ನು ಆ ಕುಟುಂಬ ಸಾಲದಿಂದಲೋ ಮೈ ಮುರಿದು ದುಡಿದೋ ತುಂಬಬೇಕು. ‘ನಾವೇ ಮಾಡಿಕೊಳ್ಳುವ ಇಟ್ಟಿಗೆ’ಯ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿ. ಇದನ್ನು ಹವ್ಯಾಸದ ವಿಷಯವಾಗಿ ನೋಡಿದರೆ ತಪ್ಪಾಗುತ್ತದೆ.

ಈ ಇಟ್ಟಿಗೆ ಹೊಸದಲ್ಲ

ಮಣ್ಣನ್ನು ಜರಡಿ ಹಿಡಿದು, ಸ್ವಲ್ಪ ಸಿಮೆಂಟ್ ಬೆರೆಸಿ, ತೇವ ಮಾಡಿ, ಕೈಯಿಂದ ನಡೆಸುವ ಯಂತ್ರದಲ್ಲಿ ಬಿಗಿಯಾಗಿ ಒತ್ತಿ ತೆಗೆಯುವ ಇಟ್ಟಿಗೆ ಇದು. ಸುಡುವ ಕೆಲಸವಿಲ್ಲ. ಇಂಥ ಮೊದಲ ಹೆಸರುವಾಸಿ ಕೈಯಂತ್ರ 1950ರ ದಶಕದಲ್ಲಿ ಕೊಲಂಬಿಯಾ ದೇಶದಲ್ಲಿ ತಯಾರಾಯಿತು. ಹೆಸರು ಸಿನ್ವಾ ರಾಮ್.

ನಮ್ಮಲ್ಲಿ ಇದರ ಬೇರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಅಲ್ಲಿ ದಶಕಗಳ ಕಾಲ ಮಣ್ಣಿನ ಇಟ್ಟಿಗೆಯನ್ನು ಒತ್ತಿ, ನೆನೆಸಿ, ಮುರಿದು ಪರೀಕ್ಷೆ ಮಾಡಿದರು. ‘ಮರ್ದಿನಿ’ ಎಂಬ ಕೈಯಂತ್ರ ಆ ಕೆಲಸದಿಂದಲೇ ಬಂದದ್ದು. ಇಂಥ ಇಟ್ಟಿಗೆಗೆ ದೇಶದ ಮಾನದಂಡವೂ ಇದೆ. ಅದೇ ಐಎಸ್ 1725. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರಂಥವರು ಇದೇ ಇಟ್ಟಿಗೆಯಿಂದ ಅನೇಕ ಮನೆಗಳನ್ನು ಕಟ್ಟಿದ್ದಾರೆ. ಆ ಮನೆಗಳು ಮಳೆ ಬಿಸಿಲು ತಡೆದು ನಿಂತಿವೆ.

ಅಂದರೆ ಐವತ್ತು ವರ್ಷದ ಕೆಲಸ ಇದರ ಹಿಂದಿದೆ. ಹಾಗಿದ್ದರೆ ಎಲ್ಲರೂ ಯಾಕೆ ಇದರಲ್ಲೇ ಕಟ್ಟುತ್ತಿಲ್ಲ? ಉತ್ತರ ಲೆಕ್ಕದಲ್ಲಿದೆ.

ಇಟ್ಟಿಗೆಗೆ ಇಟ್ಟಿಗೆ ಹೋಲಿಸಿದರೆ

230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆ ತೆಗೆದುಕೊಳ್ಳೋಣ. ಒಣಗಿದ ಮೇಲೆ ಸುಮಾರು ಎಂಟು ಕೆಜಿ ತೂಗುತ್ತದೆ. ಶೇ 7ರಷ್ಟು ಸಿಮೆಂಟ್ ಹಾಕಿದರೆ ಒಂದಕ್ಕೆ ಅರ್ಧ ಕೆಜಿಗಿಂತ ತುಸು ಜಾಸ್ತಿ. 50 ಕೆಜಿಯ ಒಂದು ಚೀಲದಿಂದ ಸುಮಾರು 90 ಇಟ್ಟಿಗೆ ಬರುತ್ತವೆ.

ಈಗ ಒಂದು ಸಣ್ಣ ಮನೆ. ಆರು ಚದರ, ಗೋಡೆಯ ಒಟ್ಟು ವಿಸ್ತಾರ ಸುಮಾರು 100 ಚದರ ಮೀಟರ್ ಅನ್ನೋಣ. ಚದರ ಮೀಟರ್‌ಗೆ 37 ಇಟ್ಟಿಗೆಯಂತೆ 3,700 ಬೇಕು. ಅಷ್ಟಕ್ಕೆ ಸಿಮೆಂಟ್ 41 ಚೀಲ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ ನೋಡಿ.

ಸಿಮೆಂಟ್‌ಗೆ ಇಟ್ಟಿಗೆಯೊಂದಕ್ಕೆ 3 ರೂಪಾಯಿ 70 ಪೈಸೆ. ಆರು ಜನ ಸೇರಿ ದಿನಕ್ಕೆ 500 ಇಟ್ಟಿಗೆ ಒತ್ತುತ್ತಾರೆ, ತಲಾ ಕೂಲಿ 600 ಅಂದರೆ ಒಂದಕ್ಕೆ 7 ರೂಪಾಯಿ 20 ಪೈಸೆ. ಮಣ್ಣಿಗೆ ಬೆರೆಸುವ ಕ್ರಷರ್ ಪುಡಿ (ಜಲ್ಲಿ ಒಡೆಯುವಾಗ ಬರುವ ಕಲ್ಲಿನ ಪುಡಿ), ಯಂತ್ರದ ಬಾಡಿಗೆ, ನೀರು, ಒಡೆದು ಹೋಗುವ ಇಟ್ಟಿಗೆ ಎಲ್ಲ ಸೇರಿ 3 ರೂಪಾಯಿ. ಒಟ್ಟು ಸುಮಾರು 14 ರೂಪಾಯಿ. 3,700 ಇಟ್ಟಿಗೆಗೆ 52 ಸಾವಿರ.

ಇದೇ ಗೋಡೆಯನ್ನು ಸುಟ್ಟ ಇಟ್ಟಿಗೆಯಲ್ಲಿ ಒಂಬತ್ತು ಇಂಚು ದಪ್ಪ ಕಟ್ಟಿದರೆ ಹತ್ತು ಸಾವಿರ ಇಟ್ಟಿಗೆ ಬೇಕು. 9 ರೂಪಾಯಿಯಂತೆ 90 ಸಾವಿರ. ಹಾಗೆ ನೋಡಿದರೆ ಮಣ್ಣಿನ ಇಟ್ಟಿಗೆಯೇ ಗೆದ್ದಿತು. ಆದರೆ ಇವತ್ತು ಹೆಚ್ಚಿನವರು ಕಟ್ಟುವುದು ಆರು ಇಂಚಿನ ಸಾಲಿಡ್ ಬ್ಲಾಕ್‌ನಲ್ಲಿ. ಅದು 1,200 ಸಾಕು. ಒಂದಕ್ಕೆ 40 ರೂಪಾಯಿ ಹಿಡಿದರೆ 48 ಸಾವಿರ. ಮನೆ ಬಾಗಿಲಿಗೆ ಲಾರಿಯಲ್ಲಿ ಬಂದು ಬೀಳುತ್ತದೆ. ಇಟ್ಟಿಗೆ ಗಟ್ಟಿಯಾಗಲಿ ಅಂತ ಒಂದು ತಿಂಗಳು ಕಾಯಬೇಕಿಲ್ಲ.

ಹಾಗಾದರೆ ಮಣ್ಣಿನ ಇಟ್ಟಿಗೆ ನಾಲ್ಕು ಸಾವಿರ ಜಾಸ್ತಿಯೇ ಆಯಿತಲ್ಲ? ಹೌದು. ವಿಡಿಯೊಗಳು ಬಿಟ್ಟುಬಿಡುವ ಸತ್ಯ ಇದು. ಕೂಲಿ ಕೊಟ್ಟು ಮಾಡಿಸಿದ ಮಣ್ಣಿನ ಇಟ್ಟಿಗೆ, ಬರೀ ಇಟ್ಟಿಗೆಯಾಗಿ ನೋಡಿದರೆ, ಸಾಲಿಡ್ ಬ್ಲಾಕ್‌ಗಿಂತ ಅಗ್ಗವಲ್ಲ.

ಉಳಿತಾಯ ಬರುವುದು ಗಿಲಾವಿನಿಂದ

ಸಾಲಿಡ್ ಬ್ಲಾಕ್ ಗೋಡೆಗೆ ಒಳಗೂ ಹೊರಗೂ ಗಿಲಾವು ಆಗಲೇಬೇಕು. 100 ಚದರ ಮೀಟರ್ ಗೋಡೆಗೆ ಎರಡೂ ಮೈ ಸೇರಿ 200 ಚದರ ಮೀಟರ್, ಅಂದರೆ ಸುಮಾರು 2,150 ಚದರ ಅಡಿ. ಸಾಮಾನು, ಕೂಲಿ ಸೇರಿ ಚದರ ಅಡಿಗೆ 40 ರೂಪಾಯಿ ಅಂದರೆ 86 ಸಾವಿರ. ಗೋಡೆಯ ಬ್ಲಾಕ್‌ಗೆ 48 ಸಾವಿರ, ಅದನ್ನು ಮುಚ್ಚುವುದಕ್ಕೆ 86 ಸಾವಿರ! ಮೇಲೆ ಪುಟ್ಟಿ, ಪೇಂಟ್ ಬೇರೆ.

ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೈ ನುಣುಪಾಗಿ, ಅಳತೆ ಒಂದೇ ಸಮ ಇರುತ್ತದೆ. ಸಂದುಗಳಿಗೆ ಮಾತ್ರ ಗಾರೆ ತುಂಬಿ (ಪಾಯಿಂಟಿಂಗ್ ಮಾಡಿ) ಹಾಗೆಯೇ ಬಿಡಬಹುದು. ಒಳಗೆ ಸುಣ್ಣ ಹೊಡೆದರೆ ಸಾಕು. ಬಚ್ಚಲು, ಅಡುಗೆಮನೆಯ ಗೋಡೆಗೆ ಮಾತ್ರ ಗಿಲಾವು ಬೇಕು. ಇದಕ್ಕೆಲ್ಲ 30 ಸಾವಿರ ಅಂತ ಇಡಿ. ಈಗ ಕೂಡಿಸೋಣ. ಸಾಲಿಡ್ ಬ್ಲಾಕ್ ಗೋಡೆ ಗಿಲಾವು ಸೇರಿ 1.34 ಲಕ್ಷ. ಮಣ್ಣಿನ ಇಟ್ಟಿಗೆ ಗೋಡೆ 82 ಸಾವಿರ. ಮನೆಯವರೇ ಇಟ್ಟಿಗೆ ಒತ್ತಿದರೆ ಅದರಲ್ಲಿ ಕೂಲಿಯ 26 ಸಾವಿರ ಕಳೆದು 56 ಸಾವಿರ.

ಅಂದರೆ ಆರು ಚದರದ ಮನೆಯಲ್ಲಿ 52ರಿಂದ 78 ಸಾವಿರ ಉಳಿತಾಯ. ಅದೇ ಮನೆಗೆ ಸಿಮೆಂಟ್ ತೆರಿಗೆ ಇಳಿಕೆಯಿಂದ ಉಳಿದದ್ದು 6,700 ರೂಪಾಯಿ. ವ್ಯತ್ಯಾಸ ದೊಡ್ಡದು. ಆದರೆ 12 ಲಕ್ಷದ ಮನೆಯಲ್ಲಿ ಇದು ಸುಮಾರು ಶೇ 4ರಿಂದ 6.5ರಷ್ಟು. ‘ಅರ್ಧ ಖರ್ಚಿನಲ್ಲಿ ಮನೆ’ ಅನ್ನುವುದು ಎಲ್ಲಿಂದ ಬಂತೋ, ಈ ಲೆಕ್ಕದಿಂದಂತೂ ಬರುವುದಿಲ್ಲ.

ಇನ್ನೊಂದು ಉಳಿತಾಯ ಪಿಲ್ಲರ್‌ಗಳದ್ದು. ಈಗ ಒಂದೇ ಅಂತಸ್ತಿನ ಮನೆಗೂ ಪಿಲ್ಲರ್ ಎಬ್ಬಿಸುವುದು ರೂಢಿಯಾಗಿದೆ. ನೆಲ ಗಟ್ಟಿ ಇದ್ದು, ಗೋಡೆಗಳನ್ನು ಸರಿಯಾಗಿ ಯೋಜಿಸಿದರೆ, 190 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆಯೇ ನೆಲಮಹಡಿ, ಮೇಲಿನ ಒಂದು ಮಹಡಿಯ ಭಾರ ಹೊರುತ್ತದೆ. ಆಗ ಕಬ್ಬಿಣದ ಖರ್ಚು ಗಣನೀಯವಾಗಿ ಕಡಿಮೆಯಾಗುತ್ತದೆ. ಇದನ್ನು ಮಾತ್ರ ಮನೆಯವರು ತಾವಾಗಿ ತೀರ್ಮಾನಿಸಬಾರದು. ಎಂಜಿನಿಯರ್ ನಕ್ಷೆ ನೋಡಿಯೇ ಹೇಳಬೇಕು. ಬಾಗಿಲು, ಕಿಟಕಿಗಳ ಮೇಲೆ, ಲಿಂಟಲ್ ಮಟ್ಟದಲ್ಲಿ, ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಲೇಬೇಕು.

ಸ್ವಂತ ದುಡಿಮೆಗೂ ಬೆಲೆ ಇದೆ

ಹಳೆಯ ಕಾಲದಲ್ಲಿ ಮಣ್ಣಿನ ಮನೆ ಅಗ್ಗವಾಗಿತ್ತು, ಯಾಕೆಂದರೆ ಕೂಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಮನೆ ಗೋಡೆಗೆ ನಾವು ಬರುತ್ತೇವೆ, ನಾಳೆ ನಮ್ಮ ಮನೆಗೆ ನೀವು ಬನ್ನಿ. ಈಗ ಆ ನಾಲ್ಕು ಜನ ಪಟ್ಟಣದಲ್ಲಿ ದುಡಿಯುತ್ತಿದ್ದಾರೆ. ಕರೆದರೆ ಅವರ ದಿನಗೂಲಿ ತಪ್ಪುತ್ತದೆ.

ಮನೆಯವರದ್ದೂ ಅದೇ ಕಥೆ. ದಿನಕ್ಕೆ 600 ದುಡಿಯುವ ಗಂಡ ಹೆಂಡತಿ ಕೆಲಸ ಬಿಟ್ಟು ಇಟ್ಟಿಗೆ ಒತ್ತಿದರೆ, ಮೇಲೆ ಹೇಳಿದ 26 ಸಾವಿರ ಉಳಿಯಲಿಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು ಅಷ್ಟೇ. ಹೊಲದಲ್ಲಿ ಕೆಲಸವಿಲ್ಲದ ಫೆಬ್ರುವರಿಯಿಂದ ಮೇ ತನಕ ಮಾಡಿದರೆ ಮಾತ್ರ ಅದು ನಿಜವಾದ ಉಳಿತಾಯ. ಆ ತಿಂಗಳುಗಳಲ್ಲೇ ನೀರು ಕಷ್ಟ, ಒತ್ತಿದ ಇಟ್ಟಿಗೆ ಗಟ್ಟಿಯಾಗಲು ಮೂರು ವಾರ ನೀರು ಹಾಕಬೇಕು. ಈ ಬಿಕ್ಕಟ್ಟನ್ನು ಮೊದಲೇ ಯೋಚಿಸಬೇಕು.

ಕೆಲಸ ಸುಲಭವೂ ಅಲ್ಲ. 3,700 ಇಟ್ಟಿಗೆ ಅಂದರೆ ಸುಮಾರು 30 ಟನ್ ತೂಕ. ಅದನ್ನು ಅಗೆದು, ಜರಡಿ ಹಿಡಿದು, ಕಲಸಿ, ಒತ್ತಿ, ಎತ್ತಿ ಜೋಡಿಸಬೇಕು. ವಯಸ್ಸಾದವರ ಮೇಲೆ, ಮಕ್ಕಳ ಮೇಲೆ ಈ ಭಾರ ಬೀಳಬಾರದು.

ಯಾವ ಮಣ್ಣು?

ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಎಲ್ಲ ಮಣ್ಣೂ ಇಟ್ಟಿಗೆಗೆ ಆಗುವುದಿಲ್ಲ. ಮಣ್ಣಿನಲ್ಲಿ ಮರಳಿನ ಅಂಶ ಶೇ 65ಕ್ಕಿಂತ ಜಾಸ್ತಿ ಇರಬೇಕು, ಜೇಡಿ ಶೇ 10ರಿಂದ 15ರಷ್ಟು. ಜೇಡಿ ಹೆಚ್ಚಾದರೆ ಒಣಗುವಾಗ ಬಿರುಕು ಬರುತ್ತದೆ. ನೆನೆದಾಗ ಬಲ ಕುಸಿಯುತ್ತದೆ. ತೀರಾ ಕಡಿಮೆಯಾದರೆ ಯಂತ್ರದಿಂದ ತೆಗೆಯುವಾಗಲೇ ಅಂಚು ಉದುರುತ್ತದೆ.

ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಮ್ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಬೇಕಾದ್ದಕ್ಕಿಂತ ಜಾಸ್ತಿ. ಅದಕ್ಕೆ ಕ್ರಷರ್ ಪುಡಿಯನ್ನೋ ಮರಳನ್ನೋ ಬೆರೆಸಿದರೆ ಸರಿಹೋಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿಯ ಎರೆಮಣ್ಣು ಬೇರೆಯೇ ಜಾತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಸಿಮೆಂಟ್ ಎಷ್ಟು ಸುರಿದರೂ ಅದರ ಗುಣ ಸುಲಭಕ್ಕೆ ಬಗ್ಗುವುದಿಲ್ಲ. ಅಲ್ಲಿ ಶಹಾಬಾದ್ ಕಲ್ಲಿನಂಥ ಸ್ಥಳೀಯ ಕಲ್ಲೇ ಒಳ್ಳೆಯದು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಜೊತೆಗೆ ಮುರಕಲ್ಲು ಕೈಗೆ ಸಿಗುತ್ತದೆ. ಅದನ್ನು ಬಿಟ್ಟು ಇಟ್ಟಿಗೆ ಒತ್ತುವುದರಲ್ಲಿ ಅರ್ಥವಿಲ್ಲ.

ಮೊದಲ ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಮೇಲಿನ ಒಂದಡಿ ಮಣ್ಣನ್ನು ಪಕ್ಕಕ್ಕೆ ಸರಿಸಿ, ಬೇರು, ಕಸ ಇಲ್ಲದ ಕೆಳಗಿನ ಮಣ್ಣು ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಇಳಿಯುತ್ತದೆ. ಜೇಡಿ ಇಳಿಯಲು ಗಂಟೆಗಳೇ ಬೇಕು. ಮರುದಿನ ಪದರಗಳನ್ನು ಅಳೆದರೆ ಅಂದಾಜು ಸಿಗುತ್ತದೆ. ನೀರಿನ ಹದಕ್ಕೂ ಹೀಗೆಯೇ ಒಂದು ಉಪಾಯವಿದೆ. ಕಲಸಿದ ಮಣ್ಣಿನ ಉಂಡೆ ಮಾಡಿ ಎದೆಮಟ್ಟದಿಂದ ಬಿಡಿ. ಮೂರ್ನಾಲ್ಕು ಹೋಳಾದರೆ ಹದ ಸರಿ. ಪುಡಿಪುಡಿಯಾದರೆ ಒಣ, ಉಂಡೆ ಹಾಗೇ ಉಳಿದರೆ ನೀರು ಜಾಸ್ತಿ.

ಆದರೆ ಇವು ಅಂದಾಜಿಗಷ್ಟೇ. ಮನೆಗೆ ಇಟ್ಟಿಗೆ ಶುರು ಮಾಡುವ ಮೊದಲು ಹತ್ತಿಪ್ಪತ್ತು ಇಟ್ಟಿಗೆ ಒತ್ತಿ, ನಾಲ್ಕು ವಾರ ಹದವಾಗಲು ಬಿಟ್ಟು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮುರಿಸಿ ನೋಡಬೇಕು. ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಮುರಿಸಬೇಕು. ಒಣ ಇಟ್ಟಿಗೆಯ ಬಲ ನೋಡಿ ಸಮಾಧಾನ ಪಟ್ಟುಕೊಂಡರೆ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಚೆನ್ನಾಗಿ ಮಾಡಿದ ಇಟ್ಟಿಗೆ ನೆನೆದ ಮೇಲೂ ಚದರ ಸೆಂಟಿಮೀಟರ್‌ಗೆ ಸುಮಾರು 30 ಕೆಜಿ ತಾಳುತ್ತದೆ.

ಯಾರು ಏನು ಹೇಳುತ್ತಾರೆ?

ಪರಿಸರದ ದೃಷ್ಟಿಯಿಂದ ನೋಡುವವರ ವಾದ ಗಟ್ಟಿಯಾಗಿದೆ. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಸುಮಾರು ನಾಲ್ಕನೇ ಒಂದು ಭಾಗ ಮಣ್ಣು ಸಿಮೆಂಟ್ ಇಟ್ಟಿಗೆಗೆ ಸಾಕು ಎಂದು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರ ಲೆಕ್ಕ ತೋರಿಸುತ್ತದೆ. ಸುಡಲು ಸೌದೆ ಬೇಡ, ಕಲ್ಲಿದ್ದಲು ಬೇಡ.

ಕಂಟ್ರಾಕ್ಟರ್‌ಗಳ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಅವರಿಗೆ ಸಮಯವೇ ಹಣ. ತಿಂಗಳು ಕಾಯುವ ಇಟ್ಟಿಗೆ ಅವರ ಲೆಕ್ಕಕ್ಕೆ ಹೊಂದುವುದಿಲ್ಲ. ಗಿಲಾವಿಲ್ಲದ ಗೋಡೆಯಲ್ಲಿ ತಪ್ಪು ಮುಚ್ಚಲೂ ಆಗುವುದಿಲ್ಲ. ತೂಕದ ಗುಂಡು, ರಸಮಟ್ಟ ಹಿಡಿದು ಒಂದೊಂದು ವರಸೆಯನ್ನೂ ಜೋಪಾನವಾಗಿ ಕಟ್ಟುವ ಗಾರೆಯವರು ಬೇಕು. ಅಂಥವರು ಎಲ್ಲ ಊರಲ್ಲೂ ಸಿಗುವುದಿಲ್ಲ, ಸಿಕ್ಕರೆ ಕೂಲಿ ಜಾಸ್ತಿ ಕೇಳುತ್ತಾರೆ, ಕೇಳುವುದು ನ್ಯಾಯವೇ.

ಮೂರನೆಯದು ಜನರ ಭಯ. 2009ರ ಅಕ್ಟೋಬರ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ನೆರೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ಅದನ್ನು ಕಣ್ಣಾರೆ ಕಂಡವರಿಗೆ ಮಣ್ಣಿನ ಇಟ್ಟಿಗೆ ಅಂದರೆ ಎದೆ ಝಲ್ಲೆನ್ನುವುದು ಸಹಜ. ಅವು ಬಹುತೇಕ ಸಿಮೆಂಟ್ ಸೇರದ ಹಸಿ ಮಣ್ಣಿನ ಗೋಡೆಗಳು, ಬುಡಕ್ಕೆ ನೀರು ನಿಂತಾಗ ಕರಗಿದವು. ಸಿಮೆಂಟ್ ಬೆರೆತು ಹದವಾದ ಇಟ್ಟಿಗೆ ಹಾಗೆ ಕರಗುವುದಿಲ್ಲ. ಆದರೂ ನದಿಯ ನೆರೆ ಬರುವ ಜಾಗದಲ್ಲಿ ಇದನ್ನು ಆರಿಸಬೇಡಿ ಅನ್ನುವುದೇ ಸರಿಯಾದ ಸಲಹೆ. ಉಳಿದ ಕಡೆ ಕಲ್ಲಿನ ಪಾಯ ನೆಲದಿಂದ ಒಂದೂವರೆ ಅಡಿಯಾದರೂ ಮೇಲಿರಲಿ, ಸಜ್ಜಾ ಮತ್ತು ಸೂರು ಚೆನ್ನಾಗಿ ಹೊರಚಾಚಿರಲಿ.

ಮಾಡಿಕೊಳ್ಳಬಾರದ್ದು

ಪ್ಲಾಸ್ಟಿಕ್ ಕರಗಿಸಿ ಮರಳು ಬೆರೆಸಿ ಇಟ್ಟಿಗೆ ಮಾಡುವ ವಿಡಿಯೊಗಳಿವೆ. ಮನೆಯಂಗಳದಲ್ಲಿ ಪ್ಲಾಸ್ಟಿಕ್ ಕಾಯಿಸುವುದು ವಿಷದ ಹೊಗೆ ಕುಡಿದ ಹಾಗೆ. ಬೆಂಕಿ ಬಿದ್ದಾಗ ಅಂಥ ಗೋಡೆ ಏನಾಗುತ್ತದೆ ಅಂತ ಯೋಚಿಸಿದರೆ ಸಾಕು. ಚಾವಣಿ, ತೊಲೆ, ಲಿಂಟಲ್‌ನ ಕಾಂಕ್ರೀಟ್‌ನಲ್ಲೂ ಕೈಚಳಕ ಬೇಡ. ಗೋಡೆಯ ಒಂದು ಇಟ್ಟಿಗೆ ಕೆಟ್ಟರೆ ಬದಲಾಯಿಸಬಹುದು, ತಲೆಯ ಮೇಲಿನ ಕಾಂಕ್ರೀಟ್ ಹಾಗಲ್ಲ. ದುಡ್ಡು ಉಳಿಸಲು ಸಿಮೆಂಟ್ ಪ್ರಮಾಣ ಶೇ 7ರಿಂದ 3ಕ್ಕೆ ಇಳಿಸುವುದೂ ಅಪಾಯದ ಕೆಲಸ. ಇಟ್ಟಿಗೆಗೆ ಎರಡು ರೂಪಾಯಿ ಉಳಿಯುತ್ತದೆ, ಗೋಡೆ ಉಳಿಯುವುದಿಲ್ಲ.

ಮುಂದೇನಾಗಬಹುದು?

ಹಳ್ಳಿಗಳಲ್ಲಿ ಈ ಇಟ್ಟಿಗೆ ತಾನಾಗಿ ಹಬ್ಬುವುದು ಕಷ್ಟ. ತಡೆಯುತ್ತಿರುವುದು ಯಂತ್ರ, ಪರೀಕ್ಷೆ, ತರಬೇತಿ ಈ ಮೂರೂ ಒಂದೇ ಕಡೆ ಸಿಗದಿರುವುದು. ಒಂದು ಮನೆಗೆ ಹತ್ತು ದಿನ ಬೇಕಾಗುವ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳಲೂಬಾರದು. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಕಡಿಮೆ ಖರ್ಚಿನ ಕಟ್ಟಡ ವಿಧಾನಗಳನ್ನು ಜನರಿಗೆ ತಲುಪಿಸಲೆಂದೇ ಶುರುವಾದ ವ್ಯವಸ್ಥೆ ಅದು. ಅಲ್ಲಿ ಕೈಯಂತ್ರಗಳು ಬಾಡಿಗೆಗೆ ಸಿಕ್ಕರೆ, ಮಣ್ಣು ನೋಡಿ ಎಷ್ಟು ಪುಡಿ, ಎಷ್ಟು ಸಿಮೆಂಟ್ ಅಂತ ಬರೆದುಕೊಡುವವರಿದ್ದರೆ, ಊರಿನ ನಾಲ್ಕು ಜನ ಗಾರೆಯವರಿಗೆ ಒಂದು ವಾರದ ತರಬೇತಿ ಆದರೆ, 1.20 ಲಕ್ಷದಲ್ಲಿ ಮನೆ ಮುಗಿಸಲು ಒದ್ದಾಡುವ ಕುಟುಂಬಕ್ಕೆ ಈ ಉಳಿತಾಯದಲ್ಲಿ ತಮ್ಮ ಸಣ್ಣ ಮನೆಯ ಅಳತೆಗೆ ಬರುವ ಪಾಲೂ ದೊಡ್ಡ ಮೊತ್ತವೇ. ತೆರಿಗೆ ಇಳಿಕೆಗಿಂತ ಇದು ಆ ಮನೆಗೆ ನೇರವಾಗಿ ಮುಟ್ಟುತ್ತದೆ.

ಪಟ್ಟಣಗಳಲ್ಲಿ ಸಂಗತಿ ಬೇರೆ. 30 ಅಡಿ ಅಗಲ, 40 ಅಡಿ ಉದ್ದದ ಸೈಟಿನಲ್ಲಿ ಇಟ್ಟಿಗೆ ಒತ್ತಲು, ಒಣಗಿಸಲು ಜಾಗವೇ ಇರುವುದಿಲ್ಲ. ಪಕ್ಕದ ಖಾಲಿ ಸೈಟು ಸಿಕ್ಕರೆ ಮಾತ್ರ ಸಾಧ್ಯ. ಆದರೆ ಅಲ್ಲಿ ಒಂದು ಅನುಕೂಲವಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಆರಡಿ ಆಳದ ಸಂಪ್ ತೆಗೆದರೆ ಸುಮಾರು 17 ಘನ ಮೀಟರ್ ಮಣ್ಣು ಬರುತ್ತದೆ. ಮೇಲ್ಮಣ್ಣು ಕಳೆದು, ಕ್ರಷರ್ ಪುಡಿ ಬೆರೆಸಿದರೆ ಆರು ಚದರದ ಮನೆಯ ಗೋಡೆಗೆ ಅದು ಹೆಚ್ಚುಕಡಿಮೆ ಸಾಕಾಗುತ್ತದೆ. ಈಗ ಅದೇ ಮಣ್ಣನ್ನು ಸಾಗಿಸಲು ಟ್ರ್ಯಾಕ್ಟರ್‌ಗೆ ದುಡ್ಡು ಕೊಡುತ್ತಿದ್ದೇವೆ. ಮನೆ ಕಟ್ಟುವ ಯೋಚನೆ ಇರುವವರು ಆ ಮೊದಲ ಲೋಡ್ ಹೊರಡುವ ಮುಂಚೆ ಒಂದು ಬಾಟಲಿ ಮಣ್ಣು ತೆಗೆದಿಟ್ಟು ಕುಲುಕಿ ನೋಡಬಹುದು. ಮರುದಿನ ಬೆಳಿಗ್ಗೆ ಪದರಗಳು ಕಾಣುವ ತನಕ ಟ್ರ್ಯಾಕ್ಟರ್‌ನವರನ್ನು ಕಾಯಲು ಹೇಳಿದರೆ ಸಾಕು.